ನಗದೆ ಹೇಳಿದ ಮಾತು

ಪ್ರೀತಿಯ ಅಪ್ಪಾ,

ಫೋನ್ ಮಾಡುವುದು ಬಿಟ್ಟು ಇವಳಿಗೇನು ಕಾಗದ ಬರೆಯುವ ಹುಚ್ಚು ಅಂತ ಅಮ್ಮ ಗೊಣಗುತ್ತಾಳೆ, ಗೊತ್ತು. ಆದರೆ ಫೋನಿನಲ್ಲಿ ನೀವು ಈಗ ಎಲ್ಲದಕ್ಕೂ ‘ಹೌದಾ, ಒಳ್ಳೇದು’ ಅಂದುಬಿಡುತ್ತೀರಿ. ಮೊನ್ನೆ ನಮ್ಮ ಅಡುಗೆಮನೆಯ ಪೈಪು ಒಡೆದು ಮನೆಯೆಲ್ಲ ನೀರಾಯಿತು ಅಂದರೆ ‘ತುಂಬಾ ಸಂತೋಷ ಕಣಮ್ಮ’ ಅಂದಿರಿ. ನಿಮ್ಮ ಅಳಿಯ ಕೈಯಲ್ಲಿ ಬಕೆಟ್ಟು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮದುವೆಯಾದಾಗಿನಿಂದ ನನಗೆ ನಗುವುದಕ್ಕೆ ಕಾರಣವೇ ಬೇಕಾಗಿಲ್ಲ. ಇಬ್ಬರ ಟವೆಲ್ಲು ಒಂದೇ ಹಗ್ಗದ ಮೇಲೆ ಒಣಗುತ್ತಿದ್ದರೂ ನಗು ಬರುತ್ತದೆ. ಇವತ್ತು ಮಾತ್ರ ನಗದೆ ಒಂದು ವಿಷಯ ಹೇಳಬೇಕು. ಅದನ್ನು ನಿಮ್ಮ ಕಿವಿಯ ಹತ್ತಿರ ಕೂಗಿ ಹೇಳುವುದಕ್ಕೆ ನನ್ನಿಂದಾಗದು. ಅದಕ್ಕೇ ಕಾಗದ.

ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಊಟದ ಹೊತ್ತಾದರೂ ಬಿಡದೆ ಹಲ್ಲಿನ ಡಾಕ್ಟರು ಒಳಗೆ ಯಾರದೋ ದವಡೆ ಕೊರೆಯುತ್ತಿದ್ದಾರೆ. ಆ ಗುಂಯ್ ಸದ್ದಿಗೆ ಕಾಗುಣಿತ ತಪ್ಪಿದರೆ ಬೈಯಬೇಡಿ. ನನ್ನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದ್ದು ನೀವೇ.

ನಿಮ್ಮ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಇನ್ನೊಂದಿಷ್ಟು ಕಾಲ ಜೊತೆಗಿರುತ್ತದೆ ಅಂತ ಕಿವಿಯ ಡಾಕ್ಟರು ಹೇಳಿದ ದಿನ ನಿಮ್ಮ ಅಳಿಯ ಒಂದು ಮಾತು ಹೇಳಿದ್ದರು. ಮಾವನಿಗೆ ಹಾಡಿನ ನಾಟಕ ಅಂದರೆ ಪ್ರಾಣ, ಆ ಕಿವಿ ಇರುವಾಗಲೇ ಒಂದು ತೋರಿಸಿಬಿಡೋಣ ಅಂತ. ಒಳ್ಳೆಯ ಯೋಚನೆ ಅವರದು. ಅದನ್ನು ಕೆಡಿಸಿದವಳು ನಾನು.

ಊರಿನಲ್ಲಿ ಆಗ ಎರಡು ನಾಟಕ ನಡೆಯುತ್ತಿದ್ದವು. ಒಂದು ಹೊಸ ಥಿಯೇಟರಿನಲ್ಲಿ, ಹಡಗಿನದು. ರಂಗದ ಮೇಲೆ ನಿಜವಾದ ನೀರು, ಬಿರುಗಾಳಿ, ಲೆಕ್ಕವಿಲ್ಲದಷ್ಟು ಕುಣಿಯುವವರು, ಹಾಯಿಯ ಹಗ್ಗಕ್ಕೆ ಜೋತುಬಿದ್ದು ಹಾಡುವ ನಾಯಕಿ. ಇನ್ನೊಂದು ರೈಲು ನಿಲ್ದಾಣದ ಹಿಂದಿನ ಹಳೇ ಗೋದಾಮಿನಲ್ಲಿ. ಅದರಲ್ಲಿ ಇರುವವರು ಗಂಡ, ಹೆಂಡತಿ, ಒಂದು ಅಡುಗೆಮನೆಯ ಮೇಜು, ಮೂಲೆಯಲ್ಲೊಂದು ಪಿಯಾನೊ, ಅಷ್ಟೇ. ಅವರು ಮನೆ ಖಾಲಿ ಮಾಡುತ್ತಿದ್ದಾರೆ. ಒಂದೊಂದು ಸಾಮಾನು ಕಟ್ಟುವಾಗಲೂ ಒಂದೊಂದು ಹಾಡು. ನಾನು ಎರಡೂ ಕರಪತ್ರಗಳನ್ನು ತಂದು ನಿಮ್ಮ ಮುಂದೆ ಹಿಡಿದೆ, ನೆನಪಿದೆಯಾ? ನೀವು ಕನ್ನಡಕ ಏರಿಸಿ ನೋಡಿ, ಮೇಜಿನ ಚಿತ್ರದ ಮೇಲೆ ಬೆರಳಿಟ್ಟಿರಿ. ಆಮೇಲೆ ನನ್ನ ಮುಖ ನೋಡಿದಿರಿ. ಬೆರಳು ಮೆಲ್ಲಗೆ ಜರುಗಿ ಹಡಗಿನ ಮೇಲೆ ಬಂತು. ‘ಇದೇ ಚೆನ್ನಾಗಿದೆ’ ಅಂದಿರಿ.

ನಾನು ಅದನ್ನು ನೋಡಿದ್ದೆ ಅಪ್ಪಾ. ನೋಡಿಯೂ ನೋಡದವಳ ಹಾಗೆ ಇದ್ದೆ. ಸದ್ದು ಜೋರಾಗಿದ್ದರೆ ಅಪ್ಪನಿಗೆ ಚೆನ್ನಾಗಿ ಕೇಳುತ್ತದೆ ಅಂತ ಎಲ್ಲರ ಮುಂದೆ ಭಾಷಣ ಬಿಗಿದೆ. ನಿಜ ಏನೆಂದರೆ, ಆ ಥಿಯೇಟರಿನ ದೊಡ್ಡ ಮೆಟ್ಟಿಲನ್ನು ನಿಮ್ಮ ಅಳಿಯನ ತೋಳು ಹಿಡಿದುಕೊಂಡು ಹತ್ತಬೇಕು, ಮದುವೆಗೆ ಕೊಂಡ ಹಸಿರು ರೇಷ್ಮೆ ಸೀರೆ ಇನ್ನೊಂದು ಸಲ ಉಡಬೇಕು, ಫೋಟೊ ತೆಗೆಸಿಕೊಳ್ಳಬೇಕು ಅಂತ ನನಗೆ ಆಸೆ. ಗೋದಾಮಿಗೆ ಯಾರಾದರೂ ರೇಷ್ಮೆ ಉಡುತ್ತಾರಾ? ನನ್ನ ಆಸೆಗೆ ನಿಮ್ಮ ಕಿವಿಯ ನೆಪ ಹೇಳಿದೆ. ಅಮ್ಮನನ್ನು ಕರೆದರೆ, ‘ನಿದ್ದೆ ಮಾಡೋಕೆ ನಂಗೆ ಟಿಕೆಟ್ ಯಾಕೆ, ಮನೇಲಿ ಮಂಚ ಇಲ್ವಾ’ ಅಂದು ಬಾಗಿಲು ಹಾಕಿಕೊಂಡಳು. ನಮ್ಮ ಮನೆಯಲ್ಲಿ ಬುದ್ಧಿವಂತೆ ಅವಳೊಬ್ಬಳೇ.

ಬಾಲ್ಕನಿಯಲ್ಲಿ ನಮ್ಮ ಸೀಟು. ಅಲ್ಲಿಂದ ನೋಡಿದರೆ ಹಾಡುವವರ ಮುಖ ಕಾಳಿನಷ್ಟು. ಮೊದಲ ಬಿರುಗಾಳಿಗೇ ನೀವು ಮುಖ ಕಿವುಚಿ, ಕಿವಿಯ ಮಿಷನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿರಿ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟುವುದನ್ನು ನೋಡಿ, ಒಂದು ಚೂರು ತಡವಾಗಿ ನೀವೂ ತಟ್ಟುತ್ತಿದ್ದಿರಿ. ಹಡಗು ಮುಳುಗಿ ಎಲ್ಲ ದೀಪ ಆರಿ, ನಾಯಕಿ ಒಬ್ಬಳೇ ಮೆಲುದನಿಯಲ್ಲಿ ಹಾಡುತ್ತಿದ್ದಾಗ, ಇಡೀ ಥಿಯೇಟರು ಉಸಿರು ಹಿಡಿದು ಕೂತಿದ್ದಾಗ, ನೀವು ನನ್ನ ಕಡೆ ತಿರುಗಿ, ‘ಮುಗೀತಾ?’ ಅಂತ ಕೇಳಿದಿರಿ. ಎಷ್ಟು ಗಟ್ಟಿಯಾಗಿ ಅಂತ ನಿಮಗೇ ಗೊತ್ತಾಗಲಿಲ್ಲ. ಮುಂದಿನ ಸಾಲೆಲ್ಲ ತಿರುಗಿ ನೋಡಿತು. ಯಾರೋ ಕಿಸಕ್ಕೆಂದು ನಕ್ಕರು. ನನಗೆ ಕೂತಲ್ಲೇ ಭೂಮಿಗೆ ಇಳಿದುಹೋದ ಹಾಗಾಯಿತು.

ವಿರಾಮದಲ್ಲಿ ನೀವು ಕಂಬದ ಪಕ್ಕದ ಬೆಂಚಿನ ಮೇಲೆ ಕೂತಿರಿ. ನಾವಿಬ್ಬರು ಹಜಾರದ ಆ ತುದಿಗೆ, ಕಾಫಿ ತರುವ ಸಾಲಿನಲ್ಲಿ ನಿಂತೆವು. ನಡುವೆ ಅಷ್ಟೊಂದು ಜನ, ಅಷ್ಟೊಂದು ಗಲಾಟೆ. ಅಲ್ಲಿ ನಾನು ನಿಮ್ಮ ಅಳಿಯನಿಗೆ ಹೇಳಿದೆ: ‘ಅಪ್ಪನ್ನ ಕರ್ಕೊಂಡು ಬಂದಿದ್ದೇ ತಪ್ಪಾಯ್ತು. ಇನ್ಮೇಲೆ ನಾವಿಬ್ಬರೇ ಬರೋಣ.’

ನಾನು ತಲೆಯೆತ್ತಿ ನೋಡಿದರೆ ನೀವು ನಮ್ಮ ಕಡೆಗೇ ನೋಡುತ್ತಿದ್ದಿರಿ. ನಾನು ಕೈ ಬೀಸಿದೆ. ನೀವೂ ಬೀಸಿದಿರಿ.

ಹೋದ ಭಾನುವಾರ ನಿಮ್ಮಲ್ಲಿಗೆ ಊಟಕ್ಕೆ ಬಂದಾಗ ನಾನು ಎಂದಿನ ಹಾಗೆ ಕುಣಿಯುತ್ತಾ, ಮತ್ತೊಂದು ನಾಟಕಕ್ಕೆ ಹೋಗೋಣ ಅಪ್ಪಾ ಅಂತ ನಿಮ್ಮ ಬಲಗಿವಿಗೆ ಕೂಗಿದೆ. ನೀವು ತಟ್ಟೆಯಿಂದ ತಲೆಯೆತ್ತಲಿಲ್ಲ. ‘ನೀವಿಬ್ಬರೇ ಹೋಗಿ ಬನ್ನಿ’ ಅಂದಿರಿ. ಕೋಪದಿಂದ ಅಲ್ಲ, ನೀರಿನ ಲೋಟ ಈ ಕಡೆ ಸರಿಸು ಅನ್ನುವ ಧಾಟಿಯಲ್ಲಿ. ಪಾತ್ರೆ ತೊಳೆಯುವಾಗ ಅಮ್ಮ ಹೇಳಿದಳು, ನಾಟಕದಿಂದ ಬಂದ ದಿನವೇ ಮಿಷನ್ನು ಬೀರುವಿಗೆ ಸೇರಿತಂತೆ. ಹಳೇ ಸ್ನೇಹಿತರು ಕರೆದರೂ ಕೆಳಗೆ ಇಳಿಯುವುದಿಲ್ಲವಂತೆ. ‘ಏನಾಯ್ತೇ ಅಲ್ಲಿ? ಕೇಳಿದ್ರೆ ಹಡಗು ಚೆನ್ನಾಗಿತ್ತು ಅಂತಾರೆ, ಅಷ್ಟೇ’ ಅಂದಳು. ಏನಿಲ್ಲಮ್ಮ ಅಂದೆ. ನನಗೆ ಆಗಲೂ ಹೊಳೆದಿರಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ನಿಮ್ಮ ಅಳಿಯ ಕನ್ನಡಕದ ಅಂಗಡಿಯವರಲ್ಲವೇ, ಯಾರ ಕಣ್ಣು ಎಲ್ಲಿದೆ ಅಂತ ನೋಡುವುದು ಅವರಿಗೆ ಅಭ್ಯಾಸ. ಕಿಟಕಿಯ ಕಡೆ ನೋಡುತ್ತಾ ಹೇಳಿದರು: ‘ಅವತ್ತು ಮಾವ ಸ್ಟೇಜ್ ನೋಡ್ತಾನೇ ಇರ್ಲಿಲ್ಲ. ಪೂರ್ತಿ ನಿನ್ನ ಬಾಯಿ ನೋಡ್ತಿದ್ರು. ವಿರಾಮದಲ್ಲೂ.’

ಬಾಯಿ.

ನಾನು ಹೇಗೆ ಮರೆತೆ ಅಪ್ಪಾ? ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ಅಬ್ಬರಕ್ಕೆ ಯಾರ ದನಿಯೂ ಯಾರಿಗೂ ಕೇಳಿಸದೆ, ಆ ತುದಿಯವರು ಈ ತುದಿಯವರ ಜೊತೆ ತುಟಿಯಲ್ಲೇ ಮಾತಾಡುತ್ತಿದ್ದ ಕಥೆಯನ್ನು ನೀವು ಎಷ್ಟು ಸಲ ಹೇಳಿಲ್ಲ? ನಾನು ಮಲಗಿದೆ ಅಂದುಕೊಂಡು ನೀವೂ ಅಮ್ಮನೂ ಸದ್ದಿಲ್ಲದೆ ಜಗಳವಾಡುತ್ತಿದ್ದುದನ್ನು ಹೊದಿಕೆಯ ಸಂದಿಯಿಂದ ನೋಡಿಯೇ ನಾನು ತುಟಿ ಓದುವುದನ್ನು ಕಲಿತದ್ದು. ನನ್ನ ಸ್ಕೂಲ್ ಬಸ್ಸು ಮಿಲ್ಲಿನ ಎದುರು ನಿಲ್ಲುತ್ತಿತ್ತು. ಮಹಡಿಯ ಕಿಟಕಿಯಲ್ಲಿ ಟೀ ಲೋಟ ಹಿಡಿದು ನೀವು. ಬಸ್ಸಿನೊಳಗಿಂದ ನಾನು ದನಿಯಿಲ್ಲದೆ ‘ಬಣ್ಣದ ಪೆನ್ಸಿಲ್ ಬೇಕು’ ಅನ್ನುತ್ತಿದ್ದೆ. ಸಂಜೆ ಪೆನ್ಸಿಲ್ ಬಂದಿರುತ್ತಿತ್ತು. ಪಕ್ಕದ ಹುಡುಗಿ, ಇವಳು ಬಸ್ಸಿನಲ್ಲಿ ಚೂಯಿಂಗ್ ಗಮ್ ಅಗಿಯುತ್ತಾಳೆ ಅಂತ ಮಿಸ್ಸಿಗೆ ಚಾಡಿ ಹೇಳಿದ್ದಳು. ನಿಮ್ಮ ಕಟ್ಟುನಿಟ್ಟು ಒಂದೇ ಒಂದು: ‘ನಗಬೇಡ ಕಣೇ ಪಟಪಟಿ. ನಕ್ಕರೆ ಮಾತು ಚೆಲ್ಲಿಹೋಗುತ್ತೆ, ಹೆಕ್ಕೋಕಾಗಲ್ಲ.’

ಮದುವೆಯಾದ ಮೇಲೆ ನಾನು ನಿಮ್ಮ ಮುಂದೆ ನಗದೆ ಆಡಿದ ಮಾತು ಯಾವುದಿದೆ? ಮನೆಯ ಸುದ್ದಿ, ಅವರ ಸುದ್ದಿ, ಕ್ಲಿನಿಕ್ಕಿನ ಸುದ್ದಿ, ಎಲ್ಲವನ್ನೂ ಹಲ್ಲು ಬಿಟ್ಟುಕೊಂಡೇ ಹೇಳಿದೆ. ಎಲ್ಲವೂ ಚೆಲ್ಲಿಹೋಯಿತು. ನೀವು ಪಾಪ, ಏನೋ ಸಂತೋಷದ ವಿಷಯ ಇರಬೇಕು ಅಂತ ‘ಒಳ್ಳೇದು, ಒಳ್ಳೇದು’ ಅಂದಿರಿ. ನಗದೆ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ್ದು ಆ ಕಾಫಿಯ ಸಾಲಿನಲ್ಲಿ ಒಂದೇ ಮಾತು. ಅದು ಮಾತ್ರ ನೆಟ್ಟಗೆ ನಿಮ್ಮ ಹತ್ತಿರ ಬಂತು.

ಬಾಯಿ ತಪ್ಪಿ ಬಂತು ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಗಳಿಗೆಯಲ್ಲಿ ನನಗೆ ಹಾಗೇ ಅನ್ನಿಸಿತ್ತು. ಹಸಿರು ರೇಷ್ಮೆ ಉಟ್ಟುಕೊಂಡು, ನಿಮ್ಮ ಮಗಳಾಗಿರುವುದಕ್ಕೆ ನಾಚಿದ್ದೆ. ನಿಮಗೆ ಅವತ್ತೇ ಗೊತ್ತಾದದ್ದನ್ನು ನಾನು ಮುಚ್ಚಿಟ್ಟು ಏನು ಪ್ರಯೋಜನ?

ಇನ್ನು ಮುಂದಿನದನ್ನು ಕೇಳಿ. ನಿನ್ನೆ ಕೆಲಸ ಮುಗಿಸಿ ನಾನೊಬ್ಬಳೇ ಆ ಗೋದಾಮಿಗೆ ಹೋಗಿದ್ದೆ. ಹಲ್ಲು ಕಿತ್ತ ಜಾಗಕ್ಕೆ ಡಾಕ್ಟರು ಇಡುತ್ತಾರಲ್ಲ, ಆ ಹತ್ತಿಯ ಉಂಡೆ ಎರಡನ್ನು ಕೇಳಿ ತೆಗೆದುಕೊಂಡು ಹೋಗಿದ್ದೆ. ಮೊದಲ ಸಾಲಿನಲ್ಲಿ ಕೂತು ಎರಡೂ ಕಿವಿಗೆ ತುರುಕಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು, ಇಷ್ಟು ಬೇಜಾರಾದರೆ ಯಾಕೆ ಬಂದಳೋ ಅನ್ನುವ ಹಾಗೆ ನೋಡಿದರು. ಅಪ್ಪಾ, ಅಲ್ಲಿ ಎಷ್ಟು ಹತ್ತಿರ ಅಂದರೆ ಹೆಂಡತಿಯ ಪಾತ್ರದವಳ ಕೈಯಿಂದ ಜಾರಿದ ಚಮಚ ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು. ಅವಳು ಹಾಡುವಾಗ ಹಲ್ಲಿನ ಸಂದಿ ಕೂಡ ಕಾಣುತ್ತದೆ. ನಮ್ಮ ಡಾಕ್ಟರಿಗೆ ಅಲ್ಲಿ ಕೆಲಸವಿದೆ. ಕಪ್ಪುಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಾ ಅವಳು ಹಾಡಿದ್ದರಲ್ಲಿ ಮುಕ್ಕಾಲು ಭಾಗ ನನಗೇ ಓದಲು ಬಂತು. ನಿಮಗೆ ಒಂದು ಅಕ್ಷರವೂ ತಪ್ಪುವುದಿಲ್ಲ. ಗೋಡೆಯ ಗಡಿಯಾರ ಯಾರ ಪೆಟ್ಟಿಗೆಗೆ ಅಂತ ಗಂಡ ಹೆಂಡತಿ ಜಗಳವಾಡುವಾಗ ನಾನು ಬಲಗಿವಿಯ ಹತ್ತಿಯನ್ನು ಸ್ವಲ್ಪ ಸಡಿಲ ಮಾಡಿದೆ, ನಿಮ್ಮ ಕಿವಿಯಷ್ಟು. ಪಿಯಾನೊ ಪಕ್ಕದ ಕೋಣೆಯಲ್ಲಿ ನುಡಿಸಿದ ಹಾಗೆ ಕೇಳಿಸಿತು. ಅಲ್ಲಿಂದಾಚೆಗೆ ನನಗೆ ಏನೂ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು. ನೀವು ಮೊದಲು ಬೆರಳಿಟ್ಟದ್ದು ಈ ನಾಟಕದ ಮೇಲೆ.

ಈ ಭಾನುವಾರ ಸಂಜೆ ಅದರ ಕೊನೆಯ ಪ್ರದರ್ಶನ. ಮೊದಲ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಟ್ಟಿದ್ದೇನೆ, ನಿಮಗೆ ಮತ್ತು ನನಗೆ. ‘ನಾನು ಅತ್ತೆ ಜೊತೆ ಮನೇಲೇ ಇರ್ತೀನಿ, ಇಬ್ಬರೂ ಸೇರಿ ನಿದ್ದೆ ಮಾಡ್ತೀವಿ’ ಅಂದಿದ್ದಾರೆ ನಿಮ್ಮ ಅಳಿಯ. ತಪ್ಪು ತೊಳೆದುಕೊಳ್ಳುವುದಕ್ಕೆ ಕರೆಯುತ್ತಿದ್ದಾಳೆ ಅಂದುಕೊಳ್ಳಬೇಡಿ. ಸ್ವಲ್ಪ ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ನಿಜವಾಗಿ ಬೇಕಾದದ್ದು ನೀವು ಮಿಷನ್ನು ಬೀರುವಿನಿಂದ ತೆಗೆದು, ಮೆಟ್ಟಿಲಿಳಿದು, ನನ್ನ ಜೊತೆ ಬರುವುದು. ನಡುವೆ ಎಷ್ಟು ಗಟ್ಟಿಯಾಗಿ ಬೇಕಾದರೂ ‘ಮುಗೀತಾ?’ ಅಂತ ಕೇಳಿ. ಯಾರಾದರೂ ತಿರುಗಿದರೆ, ಇವರು ನನ್ನ ಅಪ್ಪ ಅಂತ ಹೇಳುತ್ತೇನೆ.

ಭಾನುವಾರ ಮಧ್ಯಾಹ್ನ ನಾನು ನೇರವಾಗಿ ನಿಮ್ಮ ಮಹಡಿಗೆ ಬರುವುದಿಲ್ಲ. ಎದುರಿನ ಫುಟ್‌ಪಾತಿನಲ್ಲಿ, ಟೈರು ಅಂಗಡಿಯ ಬೋರ್ಡಿನ ಕೆಳಗೆ ನಿಂತಿರುತ್ತೇನೆ. ನೀವು ಕಿಟಕಿಯ ಹತ್ತಿರ ಬನ್ನಿ. ಅಲ್ಲಿಂದಲೇ ದನಿಯಿಲ್ಲದೆ ನಿಮ್ಮನ್ನು ನಾಟಕಕ್ಕೆ ಕರೆಯುತ್ತೇನೆ, ಒಂದೊಂದು ಅಕ್ಷರವನ್ನೂ ಬಿಡಿಸಿ. ಬರುವುದಿಲ್ಲ ಅಂತ ನೀವು ಅಲ್ಲಿಂದಲೇ ಅಂದರೆ, ನಾನು ಮೇಲೆ ಬಂದು ಟೀ ಕುಡಿದು, ನಿಮ್ಮ ಎದುರು ಸುಮ್ಮನೆ ಕೂತು ಹೋಗುತ್ತೇನೆ. ಬಲವಂತ ಇಲ್ಲ.

ಕರೆಯುವಾಗ ನಗುವುದಿಲ್ಲ ಅಪ್ಪಾ, ಆಣೆಗೂ. ನೀವು ‘ಹೂಂ’ ಅಂದಮೇಲೆ ನಗುತ್ತೇನೆ.

ನಿಮ್ಮ ಬಲಗಿವಿಗೆ ದೀರ್ಘಾಯುಸ್ಸು ಸಿಗಲಿ ಅಂತ ಹಾರೈಸುವ,
ನಿಮ್ಮ ಪಟಪಟಿ