ಗೋಡೆ ಕಡೆಯ ಟೈರು

ರೀ,

ಎದ್ದ ತಕ್ಷಣ ಕಾರಿನ ಹತ್ತಿರ ಹೋಗಬೇಡಿ, ಮೊದಲು ಇದನ್ನು ಓದಿ.

ನೀವು ಯಾವಾಗಲೂ ಗೋಡೆಗೆ ಒತ್ತಿ ನಿಲ್ಲಿಸುತ್ತೀರಲ್ಲ, ಆ ಕಡೆಯ ಹಿಂದಿನ ಟೈರನ್ನು ನಾವ್ಯಾರೂ ನೋಡಿಯೇ ಇರಲಿಲ್ಲ. ಬೆಳಿಗ್ಗೆ ಸಂದಿಯಲ್ಲಿ ಬಿದ್ದಿದ್ದ ಟವೆಲ್ ತೆಗೆಯಲು ಕೈ ಹಾಕಿದೆ, ಜೀವ ಬಾಯಿಗೆ ಬಂತು. ಟೈರಿನ ಬದಿ ನಿಂಬೆಹಣ್ಣಿನಷ್ಟು ಊದಿಕೊಂಡಿದೆ. ಮೊನ್ನೆ ಗುಂಡಿಗೆ ಬಿದ್ದಾಗ "ಏನೂ ಆಗಲ್ಲ, ಸುಮ್ನಿರೇ" ಅಂದಿರಲ್ಲ, ಆದದ್ದು ಇದೇ.

ಟೈರ್ ಅಂಗಡಿಯವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದೆ. "ಗೇಟೂ ದಾಟಿಸ್ಬೇಡಿ ಅಕ್ಕಾ, ಯಾವಾಗ ಬೇಕಾದ್ರೂ ಸಿಡಿಯುತ್ತೆ" ಅಂದರು. ಅವರೇ ಮನೆಗೆ ಬರುತ್ತಾರೆ. ಹಿಂದಿನ ಎರಡನ್ನೂ ಬದಲಾಯಿಸಿ, ಈಗಿರುವ ಅಳತೆಯದೇ ಹಾಕಿಸಿ. ಪಾಲಿಶ್ ಹೊಡೆದ ಹಳೆಯದಕ್ಕೆ ಮರುಳಾಗಬೇಡಿ. ತಯಾರಾದ ವರ್ಷ ಟೈರಿನ ಮೇಲೇ ಇರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಹೊಸದು ಬಂದ ಮೇಲೂ ಕೆಲವು ದಿನ ನಿಧಾನವಾಗಿ ಓಡಿಸಿ.

ಕೀ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿ ಹಾಕಿಕೊಂಡೇ ಹೊರಗೆ ಹೊರಟಿದ್ದೇನೆ. ಬೈದುಕೊಂಡರೂ ಪರವಾಗಿಲ್ಲ.

ನಿನ್ನೆ ಅಷ್ಟು ವೇಗದಲ್ಲಿ ಬಂದೆವಲ್ಲ, ದಾರಿಯುದ್ದಕ್ಕೂ ಪುಟ್ಟಿ ಆ ಟೈರಿನ ಪಕ್ಕದ ಕಿಟಕಿಗೇ ತಲೆಯಿಟ್ಟು ಮಲಗಿದ್ದಳು.