ಬಂಟಿಯ ಸಾಷ್ಟಾಂಗ

ನವೆಂಬರ್ ೧೭, ಭಾನುವಾರ. ಹೊಸಪೇಟೆ.

ಬಂಟಿಯ ಮೌನ ತಲೆಯಿಂದ ಹೋಗುತ್ತಿಲ್ಲ. ತರಬೇತಿಗೆ ಬಿಟ್ಟಿದ್ದ ನಾಯಿ ಮನೆಗೆ ವಾಪಸು ಬಂದಿದೆಯೆಂದು ಕಮಲಾಪುರಕ್ಕೆ, ತಮ್ಮ ವಾದಿರಾಜನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡಲು ಬಾಗಿದ್ದೇ ತಡ, ಅದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು.

"ನೋಡಣ್ಣಾ, ಬಂದವರಿಗೆಲ್ಲ ಸಾಷ್ಟಾಂಗ ಹಾಕ್ತದ! ನಮ್ಮ ಹುಡುಗ್ರೂ ಹಿಂಗ ಹಾಕಲಿಲ್ಲ," ಎಂದು ತಮ್ಮ ನಕ್ಕ.

ನಮಸ್ಕಾರವಂತೆ. ಅದರ ಕಣ್ಣು ನನ್ನ ಚಪ್ಪಲಿಯ ಮೇಲಿತ್ತು. ಅಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ತರಬೇತಿಯ ಜಾಗಕ್ಕೆ ಮಾಲೀಕರನ್ನು ಬಿಡುವುದಿಲ್ಲವಂತೆ. ಏಕೆ ಬಿಡುವುದಿಲ್ಲ? ನಮ್ಮ ಹೈಸ್ಕೂಲಿನ ಬೆತ್ತದ ಮೇಷ್ಟ್ರ ತರಗತಿಯೂ ಹೀಗೇ ಸದ್ದಿಲ್ಲದೆ ಇರುತ್ತಿತ್ತು. ತಪಾಸಣೆಗೆ ಬಂದವರು ಶಿಸ್ತು ಎಂದು ಹೊಗಳಿ ಹೋಗಿದ್ದರು. ನಾನು ಮರೆತಿಲ್ಲ.

"ಈಗ ಗುರ್ ಅಂತನೂ ಅನ್ನಂಗಿಲ್ಲ ಭಾವಾರ," ಎಂದಳು ತಮ್ಮನ ಹೆಂಡತಿ.

ಗುರುಗುಟ್ಟುವುದು ಕಚ್ಚುವ ಮೊದಲು ನಾಯಿ ಕೊಡುವ ಎಚ್ಚರಿಕೆ. ಆ ತರಬೇತಿ ಕೊಟ್ಟ ಮನುಷ್ಯ ಹೊಡೆದು ಅಡಗಿಸಿರುವುದು ಎಚ್ಚರಿಕೆಯನ್ನಷ್ಟೇ, ಕಚ್ಚುವುದನ್ನಲ್ಲ ಎಂದು ನನ್ನ ಅನುಮಾನ.

ಊಟದ ಹೊತ್ತಿಗೆ ತಮ್ಮನ ಪುಟ್ಟ ಮೊಮ್ಮಗಳು ಹರಿಪ್ರಿಯಾ ನಾಯಿಯ ತಟ್ಟೆಗೆ ಕೈ ಹಾಕಿದಳು. ಮೊದಲಾಗಿದ್ದರೆ ಬಂಟಿ ಗುರ್ ಎನ್ನುತ್ತಿತ್ತು, ಮಗು ನಮ್ಮ ಹತ್ತಿರ ಓಡಿಬರುತ್ತಿತ್ತು. ಇಂದು ಅದು ಬಾಯಲ್ಲಿದ್ದ ಅನ್ನವನ್ನೂ ನುಂಗದೆ ಸೆಟೆದು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಗುವನ್ನು ಎತ್ತಿಕೊಂಡೆ, ಅವಳು ಅತ್ತಳು.

"ನಿನಗ ಎಲ್ಲಾದ್ರಾಗೂ ಸಂಶಯನೋ ಮಾರಾಯಾ!" ಎಂದು ತಮ್ಮ ರೇಗಿದ.

ಇರಲಿ, ಸಂಶಯವೇ. ಸುಳ್ಳಾದರೆ ನನಗಿಂತ ಖುಷಿಪಡುವವರಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ಹೋಗುತ್ತೇನೆ, ಬೈದರೆ ಬೈಯಲಿ. ಮಗು ಎದ್ದು ನಾಯಿಯ ಹತ್ತಿರ ಹೋಗುವುದರೊಳಗೆ ಬಸ್ಸು ಕಮಲಾಪುರ ಮುಟ್ಟಿದರೆ ಸಾಕು.