ಇಂಗಾಲಕ್ಕೆ ಅಂಟಿದ ಕಬ್ಬಿಣ

ಮಾನ್ಯ ನಿರ್ದೇಶಕರೇ,

ತಾವು ಪತ್ರಕರ್ತರಿಗೆ ಎತ್ತಿ ತೋರಿಸಿದ ಆ ಕಪ್ಪು ಪುಡಿ ಲೋಹವಿಲ್ಲದ ಅಯಸ್ಕಾಂತವಲ್ಲ. ಅದರಲ್ಲಿ ಕಬ್ಬಿಣ ಬೆರೆತಿದೆ. ಇದನ್ನು ಇಂಗ್ಲಿಷಿನಲ್ಲಿ ಬರೆದು ತಿಳಿಸಿದ್ದಕ್ಕೆ ನನ್ನ ಪ್ರಯೋಗಾಲಯದ ಪ್ರವೇಶವೇ ರದ್ದಾಯಿತು. ತಾವೂ ಕನ್ನಡದವರಲ್ಲವೇ, ಈಗ ಕನ್ನಡದಲ್ಲಿ, ಊರೆದುರಿಗೆ ಬರೆಯುತ್ತಿದ್ದೇನೆ.

ಆ ಪುಡಿ ಮಾಡಿದವಳು ನಾನೇ. ಇಂಗಾಲದ ಅತಿಸೂಕ್ಷ್ಮ ಹಾಳೆಗಳಲ್ಲಿ ಕೆಲವು ಪರಮಾಣುಗಳ ಜಾಗಕ್ಕೆ ಸಾರಜನಕವನ್ನು ಕೂರಿಸಿದರೆ ಕಾಂತಗುಣ ಹುಟ್ಟೀತೇ ಎಂಬುದು ನನ್ನ ಸಂಶೋಧನೆ. ಮೊದಲ ಅಳತೆ ಕಂಡು ಕುಣಿದಾಡಿದೆ. ಜೊತೆಗೆ ಕೆಲಸ ಮಾಡುವ ಸುಘೋಷ ಮಾತ್ರ ಹುಬ್ಬು ಗಂಟಿಕ್ಕಿದ.

"ಇಷ್ಟು ಜೋರಾಗಿ ಬರಕ್ಕೆ ಚಾನ್ಸೇ ಇಲ್ಲ ವೃಂದಾ. ಅದೇ ಫರ್ನೇಸಲ್ಲಿ ಪಕ್ಕದ ಲ್ಯಾಬಿನವರು ಇರುಂಬು ಕಾಯಿಸ್ತಾರಲ್ಲ?"

ಹೌದು, ಕಬ್ಬಿಣ! ಕುಲುಮೆಗೆ ಹೊಸ ಕೊಳವೆ ಹಾಕಿ, ಹೊಸದಾಗಿ ಪುಡಿ ಮಾಡಿ ಅಳೆದೆವು. ಆ ಅಬ್ಬರವೆಲ್ಲ ಇಳಿದುಹೋಯಿತು. ವಿಪರೀತ ತಂಪಿನಲ್ಲಿ ಮಾತ್ರ ಒಂದು ಕ್ಷೀಣ ಕಾಂತತೆ ಉಳಿಯಿತು. ಸಾರಜನಕದ ಪಾಲು ಇರುವುದಾದರೆ ಅದರಲ್ಲೇ.

ಅಷ್ಟರಲ್ಲಿ ತಾವು ಮೊದಲ ಅಳತೆಯನ್ನೇ ನಂಬಿ, ನನ್ನನ್ನೂ ವೇದಿಕೆಗೆ ಕರೆದು, ಲೋಹವಿಲ್ಲದ ಅಯಸ್ಕಾಂತ ಸಿಕ್ಕಿತೆಂದು ಘೋಷಣೆ ಮಾಡಿಯಾಗಿತ್ತು. ಓಡಿಬಂದು ಹೇಳಿದೆ. "ಪೇಪರ್‌ನಲ್ಲಿ ಬಂದಾಯ್ತಲ್ಲಮ್ಮಾ, ಸುಮ್ನೆ ಥೀಸಿಸ್ ಮುಗಿಸ್ಕೊಂಡು ಹೋಗು" ಎಂದಿರಿ. ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಕಬ್ಬಿಣ ಇಂಗಾಲವಾಗಿಬಿಡುತ್ತದೆಯೇ? ರಸವಾದಿಗಳಿಗೂ ಎಟುಕದ ವಿದ್ಯೆಯಲ್ಲವೇ ಇದು!

ಆಮೇಲೆಯೇ ಇಂಗ್ಲಿಷಿನ ಆ ಪತ್ರ ಬರೆದದ್ದು, ಪ್ರವೇಶ ಕಳೆದುಕೊಂಡದ್ದು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತ್ರಿಪ್ಲಿಕೇನಿನ ಮನೆಯಿಂದ ಬಸ್ಸು ಹತ್ತಿ ಬರುತ್ತೇನೆ, ಪ್ರಯೋಗಾಲಯದ ಬಾಗಿಲಿಗೆ ಕಾರ್ಡ್ ಒತ್ತುತ್ತೇನೆ, ಕೆಂಪು ದೀಪ ನೋಡಿಕೊಂಡು ಹಿಂದಿರುಗುತ್ತೇನೆ. ಮನೆಯಲ್ಲಿ ನನ್ನ ಅಮ್ಮ ಜಯಲಕ್ಷ್ಮೀ ನನ್ನ ಫೋಟೋ ಬಂದ ಪತ್ರಿಕೆಯನ್ನು ಬೀದಿಗೆಲ್ಲ ತೋರಿಸಿದ್ದಳು. ವಿಷಯ ಕೇಳಿ ಅವಳ ಮುಖ ಬಾಡಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಎದುರುಮನೆಗೆ ಹೋದಳು. "ನಮ್ಮ ವೃಂದಾ ಮಾಡಿದ್ದರಲ್ಲಿ ಇರುಂಬು ಸೇರ್ಕೊಂಡಿತ್ತಾಂ. ಪೇಪರ್‌ನಲ್ಲಿ ಬಂದಿದ್ದು ತಪ್ಪು ಮಾಮಿ" ಎನ್ನುವುದು ನನಗೂ ಕೇಳಿಸಿತು. ಅಲ್ಲಿಂದ ಪಕ್ಕದ ಮನೆ, ಅದರಾಚೆಯ ಮನೆ. ನಾಚಿಕೆಯಿಂದ ಕೆಂಪಾಗಿಯೇ ವಾಪಸು ಬಂದಳು. ಆದರೆ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಗೃಹಿಣಿಯೊಬ್ಬಳಿಗೆ ಸಾಧ್ಯವಾದದ್ದು ಇಷ್ಟು ದೊಡ್ಡ ಸಂಸ್ಥೆಗೆ ಯಾಕೆ ಅಸಾಧ್ಯ?

ಘೋಷಣೆಯನ್ನು ಹಿಂತೆಗೆದುಕೊಳ್ಳಿ. ಬಾಗಿಲು ತೆರೆಯಿರಿ. ಆ ಕ್ಷೀಣ ಕಾಂತತೆ ನಿಜವೋ ಸುಳ್ಳೋ, ಅಳೆದು ಮುಗಿಸಲು ಬಿಡಿ. ಸುಘೋಷ ಶುದ್ಧ ಪುಡಿಯನ್ನು ಅಳೆದು ನೋಡಲು ಆಗಲೇ ಬೇರೊಂದು ಸಂಸ್ಥೆಗೆ ಕಳಿಸಿದ್ದಾನೆ. ಅವರು ಬಾಯಿ ತೆರೆಯುವ ಮೊದಲು ತಾವು ತೆರೆಯಬೇಕೆಂಬುದೇ ನನ್ನ ಆಗ್ರಹ.

ಇಂತಿ,
ತಾವೇ ವೇದಿಕೆಗೆ ಕರೆದು, ಆಮೇಲೆ ಹೊರಗೆ ನಿಲ್ಲಿಸಿದ ತಮ್ಮ ಸಂಶೋಧಕಿ
ವೃಂದಾ
ಚೆನ್ನೈ